ಗಿಡ್ಡ ಭತ್ತ, ಗಿಡ್ಡ ಗೋಧಿ: ಎತ್ತರ ತಗ್ಗಿದ ಎರಡು ದಾರಿ

ಹಸಿರು ಕ್ರಾಂತಿಯ ಪಾಠದಲ್ಲಿ ಗಿಡ್ಡ ಭತ್ತ, ಗಿಡ್ಡ ಗೋಧಿ ಎರಡನ್ನೂ ಒಂದೇ ಸಾಲಿನಲ್ಲಿ ಓದಿ ಮುಗಿಸುತ್ತೇವೆ. ಹಳೆಯ ಎತ್ತರದ ತಳಿಗಳಿಗೆ ಯೂರಿಯಾ ಜಾಸ್ತಿಯಾದರೆ ತೆನೆಯ ಭಾರಕ್ಕೆ ಪೈರು ನೆಲಕ್ಕೆ ಒರಗುತ್ತಿತ್ತು. ಗಿಡ್ಡ ತಳಿಗಳು ಹಾಗೆ ಸುಲಭಕ್ಕೆ ಒರಗುವುದಿಲ್ಲ. ಇಲ್ಲಿಯವರೆಗೆ ಎರಡೂ ಒಂದೇ. ಆದರೆ ಗಿಡ್ಡವಾಗಿರುವ ಕಾರಣ ಪೂರ್ತಿ ಬೇರೆ. ಪರೀಕ್ಷೆಗೆ ಓದುವವರು ಇದನ್ನು ಬಿಡಲೇಬಾರದು.

ಎರಡರಲ್ಲೂ ಬರುವ ಹಾರ್ಮೋನು ಜಿಬ್ಬರೆಲಿನ್. ಭತ್ತದ ಸಸಿಗಳು ವಿಪರೀತ ಉದ್ದ ಬೆಳೆದು ಸೊರಗುವ ರೋಗವೊಂದಿದೆ. ಶಿಲೀಂಧ್ರ ಬಿಡುವ ಒಂದು ವಸ್ತುವೇ ಅದಕ್ಕೆ ಕಾರಣ ಎಂದು ಜಪಾನಿನ ಕುರೊಸಾವಾ 1926ರಲ್ಲಿ ತೋರಿಸಿದರು. ಆ ವಸ್ತುವೇ ಜಿಬ್ಬರೆಲಿನ್. ಗಿಡ ತಾನೂ ಅದನ್ನು ತಯಾರಿಸಿಕೊಳ್ಳುತ್ತದೆ. ಗೆಣ್ಣುಗಳ ನಡುವಿನ ಕಾಂಡ ಉದ್ದವಾಗುವುದು ಅದರಿಂದಲೇ. ಅದು ಇಲ್ಲದಾಗ ಡೆಲ್ಲಾ ಎಂಬ ಪ್ರೋಟೀನು ಬೆಳವಣಿಗೆಗೆ ಬ್ರೇಕ್ ಹಾಕಿರುತ್ತದೆ. ಜಿಬ್ಬರೆಲಿನ್ ಬಂದರೆ ಆ ಡೆಲ್ಲಾ ನಾಶವಾಗಿ ಬ್ರೇಕ್ ಬಿಡುತ್ತದೆ.

ಈಗ ಭತ್ತ. ತೈವಾನಿನ ಗಿಡ್ಡ ತಳಿ ಡೀ-ಜಿಯೊ-ವೂ-ಜೆನ್ ಅನ್ನು ಇಂಡೋನೇಷ್ಯಾದ ಎತ್ತರದ ಪೇಟಾ ಜೊತೆ ಸಂಕರ ಮಾಡಿ ಐಆರ್ 8 ಎಂಬ ಗಿಡ್ಡ ತಳಿ ತಂದರು. ಫಿಲಿಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಅದನ್ನು 1966ರಲ್ಲಿ ಬಿಡುಗಡೆ ಮಾಡಿತು. ಇದರಲ್ಲಿರುವುದು ಎಸ್‌ಡಿ1 ಜೀನ್. ಜಿಬ್ಬರೆಲಿನ್ ತಯಾರಿಯ ಕೊನೆಯ ಹಂತಗಳಲ್ಲಿ ಬೇಕಾದ ಒಂದು ಕಿಣ್ವದ ಜೀನ್ ಇದು, ಇಲ್ಲಿ ಅದರ ಒಂದು ತುಂಡೇ ಬಿಟ್ಟುಹೋಗಿದೆ. ಹೀಗಾಗಿ ಕಾಂಡದಲ್ಲಿ ಹಾರ್ಮೋನು ಕಡಿಮೆ. ಹೂವಿನ ಭಾಗದಲ್ಲಿ ಇದೇ ಜಾತಿಯ ಇನ್ನೊಂದು ಜೀನ್ ಕೆಲಸ ಮಾಡುತ್ತದೆ, ಆದ್ದರಿಂದ ಕಾಳು ಕಟ್ಟುವುದಕ್ಕೆ ತೊಂದರೆಯಿಲ್ಲ. ನನಗೆ ಇಡೀ ಪಾಠದಲ್ಲಿ ತುಂಬಾ ಹಿಡಿಸಿದ್ದು ಇದೇ.

ಗೋಧಿಯದು ಬೇರೆ ಕಥೆ. ಜಪಾನಿನ ನೋರಿನ್ 10 ತಳಿ ಅಮೆರಿಕದ ಗೋಧಿ ತಳಿ ವಿಜ್ಞಾನಿ ವೊಗೆಲ್ ಕೈಸೇರಿ, ಅಲ್ಲಿಂದ ಮೆಕ್ಸಿಕೊದಲ್ಲಿ ಇದೇ ಕೆಲಸ ಮಾಡುತ್ತಿದ್ದ ಬೊರ್ಲಾಗ್ ಹತ್ತಿರ ಹೋಯಿತು. ಇದರ ಆರ್‌ಎಚ್‌ಟಿ ಜೀನುಗಳು ಡೆಲ್ಲಾವನ್ನೇ ಬದಲಿಸಿವೆ. ಜಿಬ್ಬರೆಲಿನ್ ಬಂದಿದೆ ಎಂದು ಗುರುತಿಸುವ ಮುಂಭಾಗ ಆ ಪ್ರೋಟೀನಿನಲ್ಲಿ ಇಲ್ಲ. ಗಿಡದಲ್ಲಿ ಹಾರ್ಮೋನು ಬೇಕಾದಷ್ಟಿದೆ, ಆದರೆ ಬ್ರೇಕ್ ಬಿಡುವುದೇ ಇಲ್ಲ.

ಎರಡು ಕುಂಡಗಳಲ್ಲಿ ಈ ಸಸಿಗಳನ್ನು ಬೆಳೆಸಿ ಜಿಬ್ಬರೆಲಿನ್ ಸಿಂಪಡಿಸಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಭತ್ತ ಸರಸರ ಎತ್ತರ ಏರುತ್ತದೆ, ಗೋಧಿ ಇದ್ದ ಹಾಗೇ ಇರುತ್ತದೆ.

ಯಾವ ಜೀನ್ ಪ್ರಬಲ, ಯಾವುದು ದುರ್ಬಲ ಎಂಬುದೂ ಇದರಿಂದಲೇ ಗೊತ್ತಾಗುತ್ತದೆ. ಕಿಣ್ವದ ಒಂದು ಒಳ್ಳೆಯ ಪ್ರತಿ ಇದ್ದರೂ ಭತ್ತ ಎತ್ತರ ಬೆಳೆಯುತ್ತದೆ, ಹಾಗಾಗಿ ಎಸ್‌ಡಿ1 ದುರ್ಬಲ. ಎತ್ತರದ ತಳಿಯ ಜೊತೆ ಸಂಕರ ಮಾಡಿದರೆ ಎರಡನೇ ಪೀಳಿಗೆಯಲ್ಲಿ ನಾಲ್ಕರಲ್ಲೊಂದು ಗಿಡ್ಡ. ಹೈಬ್ರಿಡ್ ಭತ್ತ ಗಿಡ್ಡ ಇರಬೇಕೆಂದರೆ ತಂದೆ, ತಾಯಿ ಎರಡೂ ತಳಿಯಲ್ಲಿ ಈ ಜೀನ್ ಬೇಕು. ಗೋಧಿಯಲ್ಲಿ ಒಂದೇ ಪ್ರತಿ ಬದಲಾದರೂ ಬ್ರೇಕ್ ಸ್ವಲ್ಪ ಬಿಗಿಯಾಗುತ್ತದೆ, ಅದು ಅರೆ ಪ್ರಬಲ.

ಗೋಧಿಯ ಈ ಜೀನಿಗೆ ಒಂದು ಬೆಲೆಯೂ ಇದೆ. ಬ್ರೇಕ್ ಕಾಂಡಕ್ಕಷ್ಟೇ ಅಲ್ಲ, ಮೊಳಕೆಯನ್ನು ಮಣ್ಣಿನಿಂದ ಮೇಲೆ ತರುವ ಪೊರೆಗೂ ಬೀಳುತ್ತದೆ. ಪೊರೆ ಗಿಡ್ಡವಾದರೆ ಆಳವಾಗಿ ಬಿತ್ತಿದ ಬೀಜ ಮೇಲೆ ಬರುವುದು ಕಷ್ಟ. ಒಣ ಭೂಮಿಯಲ್ಲಿ ತೇವ ಇರುವುದೇ ಆಳದಲ್ಲಿ. ಅದಕ್ಕೇ ಆಸ್ಟ್ರೇಲಿಯಾದಂಥ ಕಡೆ ತಳಿ ವಿಜ್ಞಾನಿಗಳು ಜಿಬ್ಬರೆಲಿನ್‌ಗೆ ಸ್ಪಂದಿಸುವ ಆರ್‌ಎಚ್‌ಟಿ18ರಂಥ ಬೇರೆ ಗಿಡ್ಡ ಜೀನುಗಳತ್ತ ತಿರುಗಿದ್ದಾರೆ.