ಒಂದು ಲಕ್ಷ ಕೊಟ್ಟರೆ ವಿದ್ಯಾರ್ಥಿಗೆ ಎಷ್ಟು ಸಿಗುತ್ತದೆ? ದತ್ತಿನಿಧಿ ಬಗ್ಗೆ ನನ್ನ ಟಿಪ್ಪಣಿ

ಎಂ.ಕಾಂ. ಸೆಮಿನಾರಿಗೆ ನನಗೆ ಬಂದ ವಿಷಯ ‘ದಾನ ಮತ್ತು ಉನ್ನತ ಶಿಕ್ಷಣ’. ಸುಲಭ ಅಂದುಕೊಂಡೆ. ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆ: ದಾನಿ ಕೊಟ್ಟಿದ್ದು 1 ಲಕ್ಷ, ವಿದ್ಯಾರ್ಥಿಗೆ ಸಿಕ್ಕಿದ್ದು 1 ಲಕ್ಷ. ಹಿಂದಿನ ಬೆಂಚಿನಲ್ಲಿ ಕೂತಿದ್ದ ಸರ್ ಒಂದೇ ಪ್ರಶ್ನೆ ಕೇಳಿದರು. “ಹಾಗಾದ್ರೆ ಮುಂದಿನ ವರ್ಷದ ವಿದ್ಯಾರ್ಥಿಗೆ?” ಚಾಕ್‌ಪೀಸ್ ಹಿಡಿದು ಸುಮ್ನೆ ನಿಂತೆ. ಮುಂದಿನ ವಾರ ಮತ್ತೆ ಅದೇ ಸೆಮಿನಾರ್ ಕೊಡಬೇಕು. ಅದಕ್ಕೇ ಇದನ್ನು ಬರೆದುಕೊಳ್ಳುತ್ತಿದ್ದೇನೆ. ನಿಮಗೂ ಇದೇ ಯುನಿಟ್ ಇದ್ದರೆ ಓದಿ.

ಬೇಗ ಮುಗಿಸುವ ಭಾಗ: ದಾನ ಬರುವ ಬಗೆಗಳು

ಹಳೆಯದು ವಾರಾನ್ನ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ಮನೆಯಲ್ಲಿ ಉಂಡು ಓದುವುದು. ನಮ್ಮ ಅಜ್ಜ ಓದಿದ್ದು ಹಾಗೇ. ಇದರಲ್ಲಿ ರಸೀದಿ ಇಲ್ಲ, ತೆರಿಗೆ ವಿನಾಯಿತಿ ಇಲ್ಲ. ಆದರೆ ವಿದ್ಯಾರ್ಥಿಯ ಅತಿ ದೊಡ್ಡ ಖರ್ಚು ಊಟ ಎಂದು ಆ ಕಾಲದವರಿಗೆ ಗೊತ್ತಿತ್ತು.

ಎರಡನೆಯದು ಕಾಲೇಜನ್ನೇ ಕಟ್ಟುವುದು. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇದಕ್ಕೆ ಉದಾಹರಣೆ ಹುಡುಕಬೇಕಾಗಿಲ್ಲ. ಚುಟುಕು ಕವಿ ದಿನಕರ ದೇಸಾಯಿ 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಶುರುಮಾಡಿದರು. ಅಂಕೋಲೆಯ ಗೋಖಲೆ ಸೆಂಟಿನರಿ ಕಾಲೇಜು 1966ರಲ್ಲಿ ಅದೇ ಟ್ರಸ್ಟಿನಿಂದ ಬಂತು. ಗೋಖಲೆ ಹುಟ್ಟಿದ್ದು 1866ರಲ್ಲಿ, ಅದಕ್ಕೇ ಆ ಹೆಸರು. ಕುಮಟಾ ಕಾಲೇಜಿಗೆ ಮುಂಬೈಯಲ್ಲಿ ಶಸ್ತ್ರವೈದ್ಯರಾಗಿದ್ದ ಡಾ. ಎ.ವಿ. ಬಾಳಿಗಾ ಅವರ ಹೆಸರಿದೆ. ಕಾಲೇಜು ಊರಿಗೇ ಬಂದರೆ ಹಾಸ್ಟೆಲ್ ಖರ್ಚು ಇಲ್ಲ, ಬಸ್ ಪಾಸ್ ಸಾಕು. ಇದನ್ನು ಯಾರೂ ‘ವಿದ್ಯಾರ್ಥಿವೇತನ’ ಎಂದು ಲೆಕ್ಕ ಹಿಡಿಯುವುದಿಲ್ಲ. ನನ್ನ ಪ್ರಕಾರ ಹಿಡಿಯಬೇಕು.

ಮೂರನೆಯದು ವರ್ಷ ವರ್ಷ ಕೊಡುವ ವಿದ್ಯಾರ್ಥಿವೇತನ. ಅಜೀಂ ಪ್ರೇಮ್‌ಜಿ ಫೌಂಡೇಶನ್ ಸರ್ಕಾರಿ ಶಾಲೆ, ಕಾಲೇಜಿನಲ್ಲಿ ಓದಿ ಪದವಿಗೆ ಸೇರಿದ ಹುಡುಗಿಯರಿಗೆ ವರ್ಷಕ್ಕೆ 30,000 ರೂಪಾಯಿ ಕೊಡುತ್ತದೆ. ಕಂಪನಿಗಳ ಸಿಎಸ್‌ಆರ್ ದುಡ್ಡು (ಲಾಭದಲ್ಲಿ ಸಮಾಜದ ಕೆಲಸಕ್ಕೆಂದು ಕಾನೂನಿನ ಪ್ರಕಾರ ಖರ್ಚು ಮಾಡಬೇಕಾದದ್ದು) ಕೂಡ ಹೆಚ್ಚಾಗಿ ಇಲ್ಲೇ ಬರುತ್ತದೆ. 2013ರ ಕಂಪನಿ ಕಾಯ್ದೆಯ ಸೆಕ್ಷನ್ 135, ಮೂರು ವರ್ಷದ ಸರಾಸರಿ ಲಾಭದ ಶೇ 2. ಇದು ನಿಮಗೆ ಬಾಯಿಪಾಠ ಇರಬೇಕು, ಬಿಡಿಸಿ ಹೇಳುವುದಿಲ್ಲ.

ನಾಲ್ಕನೆಯದು ದತ್ತಿನಿಧಿ. ನಾನು ಬಿದ್ದಿದ್ದು ಇಲ್ಲಿ.

ನಾನು ಎಡವಿದ ಜಾಗ: ಮೂಲಧನ ಮತ್ತು ಶೇ 85

ದತ್ತಿ ಎಂದರೆ ಅಸಲನ್ನು ಮುಟ್ಟದೆ ಬಡ್ಡಿಯಲ್ಲಿ ನಡೆಸುವುದು. ಬ್ಯಾಂಕಿನಲ್ಲಿ 1 ಲಕ್ಷ ಇಟ್ಟು ಶೇ 7 ಬಡ್ಡಿ ಬಂದರೆ ವರ್ಷಕ್ಕೆ 7,000. ಅಂದರೆ ವಿದ್ಯಾರ್ಥಿಗೆ ತಲುಪುವುದು ಹೆಚ್ಚೆಂದರೆ ಆ 7,000. ಮುಂದಿನ ವರ್ಷ ಇನ್ನೊಬ್ಬರಿಗೆ ಮತ್ತೆ 7,000. ಸರ್ ಪ್ರಶ್ನೆಗೆ ಉತ್ತರ ಇದೇ. ಇಷ್ಟು ಗೊತ್ತಾಗಲು ನನಗೆ ಐದು ನಿಮಿಷ ಸಾಕಾಯಿತು.

ಆದರೆ ಆಮೇಲೆ ಪುಸ್ತಕದಲ್ಲಿ ಇನ್ನೊಂದು ಸಾಲು ಸಿಕ್ಕಿತು. ತೆರಿಗೆ ವಿನಾಯಿತಿ ಬೇಕೆಂದರೆ ಟ್ರಸ್ಟ್ ತನ್ನ ಆದಾಯದ ಶೇ 85ನ್ನು ಅದೇ ವರ್ಷ ಖರ್ಚು ಮಾಡಬೇಕು. ಇದು 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 11. ಬಂದ ದಾನವೂ ಟ್ರಸ್ಟಿಗೆ ಆದಾಯವೇ ಅಲ್ವಾ? ಹಾಗಾದರೆ 1 ಲಕ್ಷದಲ್ಲಿ 85,000 ಖರ್ಚಾಗಬೇಕು. ಮತ್ತೆ ಅಸಲು ಎಲ್ಲಿ ಉಳಿಯಿತು? ದತ್ತಿ ಹೇಗೆ ನಡೆಯುತ್ತದೆ? ಎರಡು ದಿನ ಇದೇ ತಲೆ ತಿಂದಿತು.

ಗಂಟು ಬಿಚ್ಚಿದ್ದು ಹೀಗೆ. ದಾನಿ ದುಡ್ಡಿನ ಜೊತೆ ಒಂದು ಪತ್ರ ಕೊಡುತ್ತಾರೆ. ಅದರಲ್ಲಿ ‘ಈ ಹಣ ಮೂಲಧನಕ್ಕೆ’ ಎಂದು ಸ್ಪಷ್ಟವಾಗಿ ಬರೆದಿದ್ದರೆ, ಆ ದುಡ್ಡು ಶೇ 85ರ ಲೆಕ್ಕಕ್ಕೆ ಬರುವುದೇ ಇಲ್ಲ. ಕಾಯ್ದೆ ಒಪ್ಪಿದ ಕಡೆ ಠೇವಣಿ ಇಡಬೇಕು, ಅಷ್ಟೆ. ಪತ್ರ ಇಲ್ಲದಿದ್ದರೆ ಅದು ಸಾಮಾನ್ಯ ದಾನ, ಆ ವರ್ಷದ ಆದಾಯ.

ನಾನು ಮೂರು ಸಲ ಬರೆದು ನೋಡಿದ ಲೆಕ್ಕ:

ಪತ್ರ ಇಲ್ಲದ 1,00,000: ಅದೇ ವರ್ಷ ಕಡಿಮೆಯೆಂದರೆ 85,000 ಖರ್ಚು. ಉಳಿಸಿಕೊಳ್ಳಬಹುದಾದ್ದು 15,000.

‘ಮೂಲಧನಕ್ಕೆ’ ಎಂಬ ಪತ್ರ ಇರುವ 1,00,000: ಅಸಲು ಹಾಗೇ ಇರುತ್ತದೆ. ಬಡ್ಡಿ 7,000 ಮಾತ್ರ ಆದಾಯ. ಅದರ ಶೇ 85, ಅಂದರೆ 5,950 ವಿದ್ಯಾರ್ಥಿಗೆ. ಉಳಿಸಿಕೊಳ್ಳಬಹುದಾದ್ದು 1,050.

ದಾನಿ ಒಬ್ಬರೇ, ದುಡ್ಡೂ ಅಷ್ಟೇ. ಒಂದು ಸಾಲಿನ ಮೇಲೆ ಈ ವರ್ಷದ ವಿದ್ಯಾರ್ಥಿಗೆ 85,000 ಹೋಗುತ್ತದೋ 5,950 ಹೋಗುತ್ತದೋ ಎಂಬುದು ನಿಂತಿದೆ. ಪರೀಕ್ಷೆಯಲ್ಲಿ ‘ಕಾರ್ಪಸ್ ಡೊನೇಶನ್’ (ಮೂಲಧನಕ್ಕೆಂದು ಕೊಟ್ಟ ದಾನ) ಎಂದು ಕೇಳಿದರೆ ಮೊದಲು ಆ ಪತ್ರದ ಮಾತು ಬರೆಯಿರಿ, ವ್ಯಾಖ್ಯೆ ಆಮೇಲೆ.

ಇನ್ನೊಂದು ಸಣ್ಣ ವಿಷಯ. 2021ರ ಜನವರಿಯಿಂದ ಸಿಎಸ್‌ಆರ್ ದುಡ್ಡನ್ನು ಹೀಗೆ ಬೇರೆ ಸಂಸ್ಥೆಯ ಮೂಲಧನಕ್ಕೆ ಹಾಕಿ ಲೆಕ್ಕ ತೋರಿಸುವಂತಿಲ್ಲ. ಕಂಪನಿಗಳು ಶಾಶ್ವತ ದತ್ತಿ ಬಿಟ್ಟು ವರ್ಷ ವರ್ಷದ ವಿದ್ಯಾರ್ಥಿವೇತನವನ್ನೇ ಹೆಚ್ಚು ಕೊಡುವುದಕ್ಕೆ ಇದೂ ಒಂದು ಕಾರಣ ಎಂದು ನನ್ನ ಊಹೆ.

ಸೊಪ್ಪಿನ ಲೆಕ್ಕ

ಊರಿಗೆ ಹೋದಾಗ ಇದನ್ನೆಲ್ಲ ಅಪ್ಪಯ್ಯಂಗೆ ಹೇಳಿದೆ. ಅಸಲು ಅಡಿಕೆ ಮರದ ಹಾಗೆ, ಬಡ್ಡಿ ಅದರ ಕೊನೆಯ (ಅಡಿಕೆ ಗೊನೆಯ) ಹಾಗೆ. ಮರ ಕಡಿಯಬಾರದು, ಕೊನೆ ಕೊಯ್ದು ಮಾರಬೇಕು. ಚೆನ್ನಾಗಿ ಹೇಳಿದೆ ಎಂದು ಹೆಮ್ಮೆಪಟ್ಟೆ. ಅಪ್ಪಯ್ಯ ಕವಳ ಹಾಕುತ್ತಾ ಕೇಳಿದ: “ಸೊಪ್ಪು ಹಾಕದೇ ಕೊನೆ ಎಷ್ಟು ವರ್ಷ ಬತ್ತು (ಬರುತ್ತದೆ)?”

ಬೆಟ್ಟದಿಂದ ಸೊಪ್ಪು ತಂದು ಗೊಬ್ಬರ ಮಾಡಿ ಹಾಕದಿದ್ದರೆ ಮರ ನಿಂತೇ ಇರುತ್ತದೆ, ಫಸಲು ಇಳಿಯುತ್ತದೆ. ದತ್ತಿಯಲ್ಲೂ ಹಾಗೇ ಆಗುತ್ತದೆ. ಅಸಲು 1 ಲಕ್ಷವೇ ಇರುತ್ತದೆ, ಅದರಿಂದ ಸಿಗುವ ಪುಸ್ತಕ, ಊಟ ಕಡಿಮೆಯಾಗುತ್ತಾ ಹೋಗುತ್ತದೆ.

ಇಲ್ಲಿ ನನ್ನ ಅಚ್ಚುಮೆಚ್ಚಿನ ಸೂತ್ರ ಬರುತ್ತದೆ: 72. ಬೆಲೆ ಏರಿಕೆ ವರ್ಷಕ್ಕೆ ಶೇ 6 ಇದ್ದರೆ, 72ನ್ನು 6ರಿಂದ ಭಾಗಿಸಿ. ಉತ್ತರ 12. ಅಂದರೆ 12 ವರ್ಷಕ್ಕೆ ಬೆಲೆ ಇಮ್ಮಡಿ, ದುಡ್ಡಿನ ಬೆಲೆ ಅರ್ಧ. ಶೇ 5 ಇದ್ದರೆ ಸುಮಾರು 14 ವರ್ಷ. ಕ್ಯಾಲ್ಕುಲೇಟರ್ ಬೇಡ, ಬಸ್ಸಲ್ಲಿ ನಿಂತೇ ಮಾಡಬಹುದು. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾ ಮುಟ್ಟುವಷ್ಟರಲ್ಲಿ ನಾನು ಇದನ್ನು ಹತ್ತಾರು ದರಕ್ಕೆ ಮಾಡಿ ನೋಡಿದ್ದೇನೆ.

ಈಗ ಇದನ್ನು ಮೇಲಿನ 1,050ಕ್ಕೆ ಹಾಕಿ. ಟ್ರಸ್ಟ್ ಅದಷ್ಟನ್ನೂ ಅಸಲಿಗೇ ಸೇರಿಸಿತು ಅನ್ನಿ. ಆಗ ಅಸಲು ಬೆಳೆಯುವುದು ವರ್ಷಕ್ಕೆ ಶೇ 1.05. ಸೂತ್ರದ ಪ್ರಕಾರ ಇಮ್ಮಡಿಯಾಗಲು ಸುಮಾರು 69 ವರ್ಷ! (ದರ ಇಷ್ಟು ಚಿಕ್ಕದಿದ್ದಾಗ ಸೂತ್ರ ಸ್ವಲ್ಪ ಜಾಸ್ತಿ ತೋರಿಸುತ್ತದೆ. ಸರಿಯಾಗಿ ಮಾಡಿದರೆ 66.) ಬೆಲೆಗಳು 14 ವರ್ಷಕ್ಕೆ ಇಮ್ಮಡಿ, ಅಸಲು 66 ವರ್ಷಕ್ಕೆ ಇಮ್ಮಡಿ. 30 ವರ್ಷ ಕಳೆದ ಮೇಲೆ 1 ಲಕ್ಷ ಹೋಗಿ ಸುಮಾರು 1.37 ಲಕ್ಷ ಆಗಿರುತ್ತದೆ. ಶೇ 5ರ ಬೆಲೆ ಏರಿಕೆಗೆ ಸಮ ಬರಬೇಕಾದರೆ 4.32 ಲಕ್ಷ ಇರಬೇಕಿತ್ತು.

ಶೇ 15ಕ್ಕಿಂತ ಜಾಸ್ತಿ ಉಳಿಸಿಕೊಂಡರೆ ಆಗದೇ ಎಂದು ನನ್ನ ರೂಮ್‌ಮೇಟ್ ಕೇಳಿದಳು. ಉದ್ದೇಶ ತಿಳಿಸಿ 5 ವರ್ಷದವರೆಗೆ ಕೂಡಿಡಲು ದಾರಿ ಇದೆ. ಆದರೆ ಅದು ಕೊನೆಗೆ ಆ ಉದ್ದೇಶಕ್ಕೇ ಖರ್ಚಾಗಬೇಕಾದ ದುಡ್ಡು, ಅಸಲಿಗೆ ಹಾಕುವ ಸೊಪ್ಪಲ್ಲ. ಸೊಪ್ಪು ಅಂದರೆ ಹೊಸ ದಾನ. ಹಳೆ ವಿದ್ಯಾರ್ಥಿಗಳು ಅದೇ ದತ್ತಿಗೆ ಆಗಾಗ ಮತ್ತೆ ಸೇರಿಸಬೇಕು.

ಹಳೆಯ ಪದಕದ ದತ್ತಿಗಳು ಸೊರಗಿದ್ದೂ ಇದರಿಂದಲೇ. 1985ರಲ್ಲಿ 10 ಗ್ರಾಂ ಚಿನ್ನಕ್ಕೆ ಸುಮಾರು 2,100 ರೂಪಾಯಿ. 2025ರಲ್ಲಿ ಅದು ಲಕ್ಷ ದಾಟಿತು. ಆಗ 10,000 ಇಟ್ಟವರಿಗೆ ಬಡ್ಡಿಯಲ್ಲಿ ಒಂದು ಪುಟ್ಟ ಚಿನ್ನದ ಪದಕ ಆಗುತ್ತಿತ್ತು. ಈಗ ಶೇ 7ರಲ್ಲಿ ಬರುವ 700 ರೂಪಾಯಿಗೆ ಚಿನ್ನದ ಲೇಪನವೂ ಕಷ್ಟ.

80ಜಿ, ಚಿಕ್ಕದಾಗಿ

80ಜಿ ಎಂದರೆ ದಾನಿಗೆ ತೆರಿಗೆ ವಿನಾಯಿತಿ ಕೊಡುವ ಸೆಕ್ಷನ್. ಅದರ ‘ಶೇ 50 ವಿನಾಯಿತಿ’ ಎಂದರೆ ಕೊಟ್ಟದ್ದರಲ್ಲಿ ಅರ್ಧ ವಾಪಸ್ ಬರುತ್ತದೆ ಎಂದಲ್ಲ. ಹಳೆ ತೆರಿಗೆ ಪದ್ಧತಿಯಲ್ಲಿ ಶೇ 20ರ ಹಂತದಲ್ಲಿ ಇರುವವರು 20,000 ಕೊಟ್ಟರು ಅನ್ನಿ. ತೆರಿಗೆ ಹಾಕುವ ಆದಾಯದಲ್ಲಿ 10,000 ಕಳೆಯುತ್ತಾರೆ. ಉಳಿತಾಯವಾಗುವ ತೆರಿಗೆ 2,000, ಸೆಸ್ ಸೇರಿ 2,080. ನಗದಾಗಿ 2,000ಕ್ಕಿಂತ ಜಾಸ್ತಿ ಕೊಟ್ಟರೆ ಏನೂ ಇಲ್ಲ. ಹೊಸ ಪದ್ಧತಿ ಆರಿಸಿದವರಿಗೂ ಇಲ್ಲ. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ, ಸೆಕ್ಷನ್ ನಂಬರುಗಳೂ ಬದಲು. ನಮ್ಮ ಸಿಲೆಬಸ್ 1961ರ ಕಾಯ್ದೆಯದ್ದು, ಹಾಗಾಗಿ ಈ ಟಿಪ್ಪಣಿಯಲ್ಲಿ ಹಳೆ ನಂಬರನ್ನೇ ಹಿಡಿದಿದ್ದೇನೆ.

ವಿದ್ಯಾರ್ಥಿ ಕಡೆಯಿಂದ

ಓದಿನ ಖರ್ಚಿಗೆಂದು ಸಿಗುವ ವಿದ್ಯಾರ್ಥಿವೇತನಕ್ಕೆ ತೆರಿಗೆ ಇಲ್ಲ, ಸೆಕ್ಷನ್ 10(16). ಪುಸ್ತಕ ಇಲ್ಲಿಗೆ ನಿಲ್ಲುತ್ತದೆ. ನಮಗೆ ನಿಜವಾಗಿ ಕಾಡುವುದು ದುಡ್ಡು ಬರುವ ಹೊತ್ತು. ಹಾಸ್ಟೆಲ್ ಡೆಪಾಸಿಟ್ ಕಟ್ಟಬೇಕಾದ್ದು ವರ್ಷದ ಶುರುವಿನಲ್ಲಿ. ಬಡ್ಡಿ ಲೆಕ್ಕ ಮುಗಿಯುವುದು ಮಾರ್ಚಿಗೆ. ಪದವಿಯಲ್ಲಿದ್ದಾಗ ನನಗೆ ಒಂದು ದತ್ತಿಯಿಂದ 1,500 ಬಂತು. ಅದು ಬರುವಷ್ಟರಲ್ಲಿ ಆ ವರ್ಷದ ಮೆಸ್ ಬಿಲ್ಲಿಗೆ ಆಯಿ (ಅಮ್ಮ) ಸಂಘದಲ್ಲಿ ಸಾಲ ತೆಗೆದು ತೀರಿಸಿಯೂ ಆಗಿತ್ತು.

ಷರತ್ತು ಇನ್ನೊಂದು ತೊಡಕು. ಇಂಥ ಊರಿನವರೇ ಆಗಿರಬೇಕು, ಇಂಥ ವಿಷಯದಲ್ಲೇ ಮೊದಲು ಬರಬೇಕು. ಆ ವಿಷಯಕ್ಕೆ ಆ ವರ್ಷ ಯಾರೂ ಸೇರದಿದ್ದರೆ ಬಡ್ಡಿ ಸುಮ್ನೆ ಕೂತಿರುತ್ತದೆ. ದತ್ತಿ ಇಡುವವರು ‘ಅಂಥವರು ಸಿಗದಿದ್ದರೆ ಬೇರೆ ಬಡ ವಿದ್ಯಾರ್ಥಿಗೆ’ ಎಂದು ಒಂದು ಸಾಲು ಸೇರಿಸಿದರೆ ಎಷ್ಟೋ ತಲೆನೋವು ತಪ್ಪುತ್ತದೆ.

ಇದೆಲ್ಲ ಬರೆಯುತ್ತಿರುವಾಗಲೇ ನಮ್ಮ ಬ್ಯಾಚಿನವರು ಕಾಲೇಜಿನಲ್ಲಿ ಒಂದು ದತ್ತಿ ಇಡೋಣ ಎಂದರು. 32 ಜನ, ತಲೆಗೆ 500, ಒಟ್ಟು 16,000. ನಾನು ಬೋರ್ಡಿಗೆ ಹೋದೆ. ಮೂಲಧನಕ್ಕೆ ಹಾಕಿದರೆ ಶೇ 7ರಲ್ಲಿ ವರ್ಷಕ್ಕೆ 1,120. ಈಗಲೇ ಕೊಟ್ಟರೆ ಜೂನಿಯರ್ ಒಬ್ಬಳ ಕೆಲವು ತಿಂಗಳ ಮೆಸ್ ಬಿಲ್ ಮತ್ತು ಪರೀಕ್ಷಾ ಶುಲ್ಕ. ಬ್ಯಾಚಿನ ಹೆಸರು ಉಳಿಯಬೇಕು ಎಂದು ಇಬ್ಬರು ಪಟ್ಟು ಹಿಡಿದರು. ಉಳಿದವರೆಲ್ಲ ಈಗಲೇ ಕೊಡೋಣ ಎಂದರು. ಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ‘ಈ ವರ್ಷವೇ, ಜುಲೈ ಮುಗಿಯುವುದರೊಳಗೆ’ ಎಂದು ಮೊದಲ ಸಾಲಿನಲ್ಲೇ ಹಾಕಿದ್ದೇನೆ.