ಸೆಟ್ಟು ಹಾಗೇ ಇತ್ತು, ದವಡೆ ಸವೆದಿತ್ತು

ನಮ್ಮ ದೊಡ್ಡಮ್ಮ ಹಾಸನದ ಪಕ್ಕ ಆಲೂರು ಕಡೆಯವರು. ಹಲ್ಲಿನ ಸೆಟ್ಟು ಕಟ್ಟಿಸಿಕೊಂಡು ಹದಿನಾಲ್ಕು ವರ್ಷವಾಗಿತ್ತು. ಮುದ್ದೆ ಉಣ್ಣಲು ಅವರಿಗೆ ಯಾವ ಕಷ್ಟವೂ ಇರಲಿಲ್ಲ. ಮುದ್ದೆಯನ್ನು ಅಗಿಯುವವರು ಯಾರು, ಸಾರಿಗೆ ಅದ್ದಿ ನುಂಗುವುದು ತಾನೆ? ಹಾಗಾಗಿ ತೊಂದರೆ ನಮ್ಮ ಕಣ್ಣಿಗೆ ಬಿದ್ದದ್ದೇ ತಡವಾಗಿ. ಒಂದು ದಿನ ತಟ್ಟೆ ಎತ್ತುವಾಗ ನೋಡಿದೆ, ಸಾರಿನ ಅವರೆಕಾಳನ್ನೆಲ್ಲ ಅಂಚಿಗೆ ಸರಿಸಿಟ್ಟಿದ್ದಾರೆ. ಸೌತೆಕಾಯಿ ಹೋಳು ಮುಟ್ಟಿಯೇ ಇಲ್ಲ. “ಕೆಳಗಿಂದು ಎದ್ದೆದ್ದು ಬರ್ತದೆ ಕಣವ್ವ” ಅಂದರು.

ಸೆಟ್ಟು ಕೆಟ್ಟಿರಲಿಲ್ಲ. ಅದರಡಿಯ ದವಡೆ ಕರಗಿತ್ತು. ಹಲ್ಲಿನ ಬೇರು ಇರುವ ತನಕ ಅಗಿಯುವ ಒತ್ತಡ ಮೂಳೆಗೆ ಇಳಿಯುತ್ತದೆ, ಮೂಳೆ ತನ್ನ ಎತ್ತರ ಕಾಯ್ದುಕೊಳ್ಳುತ್ತದೆ. ಹಲ್ಲು ಕಿತ್ತ ಮೇಲೆ ಆ ಮೂಳೆಯ ದಿಂಡು ಸವೆಯತೊಡಗುತ್ತದೆ. ಆಂಟ್ಯೆ ಟಾಲ್‌ಗ್ರೆನ್ ಎಂಬ ಸಂಶೋಧಕಿ ಸೆಟ್ಟು ಹಾಕಿಕೊಂಡವರ ಎಕ್ಸ್‌ರೇಗಳನ್ನು 25 ವರ್ಷಗಳ ಅವಧಿಗೆ ಹೋಲಿಸಿ 1972ರಲ್ಲಿ ವರದಿ ಪ್ರಕಟಿಸಿದರು. ಸವೆತ ಮೊದಲ ವರ್ಷ ಜೋರು, ಆಮೇಲೆ ನಿಧಾನ, ಆದರೆ ನಿಲ್ಲುವುದಿಲ್ಲ. ಕೆಳದವಡೆ ಮೇಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು ತಗ್ಗುತ್ತದೆ. ಮೇಲಿನ ಸೆಟ್ಟಿಗೆ ಅಂಗುಳದ ಅಗಲ ಜಾಗವಿದೆ, ನಡುವಿನ ಜೊಲ್ಲಿನ ತೆಳು ಪದರ ಹಿಡಿದುಕೊಳ್ಳುತ್ತದೆ. ಕೆಳಗಿನದು ಲಾಳದಾಕಾರದ ಸಣ್ಣ ಪಟ್ಟಿ. ಒಳಗಿಂದ ನಾಲಿಗೆ ನೂಕುತ್ತದೆ, ಹೊರಗಿಂದ ಕೆನ್ನೆ.

ಸಡಿಲವಾದರೂ ದೊಡ್ಡಮ್ಮ ಅದನ್ನು ರಾತ್ರಿಯೂ ತೆಗೆಯುತ್ತಿರಲಿಲ್ಲ. ಬೊಚ್ಚುಬಾಯಿ ಯಾರಿಗೂ ಕಾಣಬಾರದೆಂಬ ಸಂಕೋಚ. ನನಗೆ ಇದೇ ಹೆಚ್ಚು ಚಿಂತೆಯ ವಿಷಯ. ಸೆಟ್ಟು ಮಾಡುವ ಅಕ್ರಿಲಿಕ್ ಎಂಬ ಪ್ಲಾಸ್ಟಿಕ್‌ನ ಕಣ್ಣಿಗೆ ಕಾಣದ ರಂಧ್ರಗಳಲ್ಲಿ ಕ್ಯಾಂಡಿಡಾ ಎಂಬ ಶಿಲೀಂಧ್ರ ನೆಲೆಯೂರುತ್ತದೆ. ಸೆಟ್ಟಿನಡಿಯ ಅಂಗುಳ ಕೆಂಪಗಾಗುತ್ತದೆ, ಅನೇಕರಿಗೆ ನೋವೇ ಇರದು. ಜಪಾನಿನಲ್ಲಿ 85 ದಾಟಿದ 524 ಮಂದಿಯನ್ನು ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೆಟ್ಟು ಹಾಕಿಕೊಂಡೇ ಮಲಗುವವರಿಗೆ ನ್ಯುಮೋನಿಯಾ ಅಪಾಯ ಸುಮಾರು 2.3 ಪಟ್ಟು ಹೆಚ್ಚಿತ್ತು. ಇದೊಂದರಿಂದಲೇ ಅದು ಬಂತೆಂದು ಈ ಅಧ್ಯಯನ ಸಾಬೀತು ಮಾಡುವುದಿಲ್ಲ. ಆದರೂ ರಾತ್ರಿ ತೆಗೆದಿಡಲು ಖರ್ಚೇನೂ ಇಲ್ಲವಲ್ಲ.

ಈಗ ಅವರ ಮಂಚದ ಪಕ್ಕ ಒಂದು ಸ್ಟೀಲ್ ಬಟ್ಟಲು, ಅದರಲ್ಲಿ ತಣ್ಣೀರು. ಒಣಗಿದರೆ ಅಕ್ರಿಲಿಕ್ ಆಕಾರ ಕೆಡುತ್ತದೆ, ಕುದಿನೀರು ಹಾಕಿದರೂ ಅಷ್ಟೇ. ಪೇಸ್ಟು ಗೀರು ಬೀಳಿಸುತ್ತದೆಂದು ಮೆತ್ತನೆ ಬ್ರಶ್ಶಿಗೆ ಸಾಬೂನು ಹಚ್ಚಿ ತಿಕ್ಕುತ್ತಾರೆ. ಕೈಜಾರಿದರೆ ಒಡೆಯದಿರಲೆಂದು ತೊಳೆಯುವಾಗ ಬೋಗುಣಿಯಲ್ಲಿ ನೀರು ತುಂಬಿಸಿ ಕೆಳಗಿಟ್ಟುಕೊಳ್ಳುತ್ತಾರೆ.

ಹಲ್ಲಿನ ವೈದ್ಯರ ಬಳಿ ಕರೆದೊಯ್ದಾಗ ಅವರು ಹಳೆಯ ಸೆಟ್ಟಿನ ಒಳಮೈಗೆ ಹೊಸ ಪದರ ಕೊಟ್ಟು ಈಗಿನ ದವಡೆಗೆ ಹೊಂದಿಸಿದರು. ಎಲ್ಲರಿಗೂ ಇದು ಸಾಲದು. ಕೆಳದವಡೆಯ ಮೂಳೆಗೆ ಎರಡು ಇಂಪ್ಲಾಂಟ್, ಅಂದರೆ ಬೇರಿನಂಥ ಲೋಹದ ತಿರುಪು, ಕೂರಿಸಿ ಅದರ ಮೇಲೆ ಸೆಟ್ಟು ಸಿಕ್ಕಿಸುವುದೇ ಮೊದಲ ಆಯ್ಕೆಯಾಗಬೇಕೆಂದು 2002ರಲ್ಲೇ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ತಜ್ಞರು ಹೇಳಿದ್ದರು. ನಮ್ಮ ಹಳ್ಳಿಮನೆಗಳಿಗೆ ಆ ಖರ್ಚು ಇನ್ನೂ ದೂರದ ಮಾತು.

ಅಂದು ವೈದ್ಯರು ಇನ್ನೊಂದು ಕೆಲಸ ಮಾಡಿದರು. ದೊಡ್ಡಮ್ಮನ ಮಡಿಲಲ್ಲಿ ಎಲೆಅಡಿಕೆ ಚೀಲ ಕಂಡು, ಸೆಟ್ಟು ತೆಗೆಸಿ, ಕೆನ್ನೆಯ ಒಳಗು, ನಾಲಿಗೆಯ ಅಡಿ, ವಸಡು ಎಲ್ಲ ಬೆರಳಿಟ್ಟು ನೋಡಿದರು. ಹಲ್ಲಿಲ್ಲದವರು ಕುಟ್ಟಾಣಿಯಲ್ಲಿ ಕುಟ್ಟಿ ಹಾಕಿಕೊಂಡರೂ ಅಡಿಕೆ ಅಡಿಕೆಯೇ. ತಂಬಾಕು ಸೇರದಿದ್ದರೂ ಅದು ಬಾಯಿ ಕ್ಯಾನ್ಸರಿಗೆ ಕಾರಣವಾಗಬಲ್ಲದು. ಎರಡು ವಾರದಲ್ಲಿ ಮಾಯದ ಹುಣ್ಣನ್ನು ಸೆಟ್ಟು ಉಜ್ಜಿದ ಗಾಯವೆಂದು ಬಿಡಬೇಡಿ, ಕರೆದುಕೊಂಡು ಬನ್ನಿ ಎಂದು ನನಗೆ ಹೇಳಿ, ಚೀಟಿಯ ಹಿಂದೆ ಮುಂದಿನ ವರ್ಷದ ತಾರೀಖು ಬರೆದುಕೊಟ್ಟರು.