‘ಡೆತ್ ಮ್ಯಾಗ್ನೆಟಿಕ್’: ಅಭಿಮಾನಿಗಳ ಕಿವಿಗೆ ತಾಗಿದ್ದೇನು?

ಅಮೆರಿಕದ ಹೆವಿ ಮೆಟಲ್ ಸಂಗೀತ ತಂಡ ಮೆಟಾಲಿಕಾದ ಒಂಬತ್ತನೆಯ ಸ್ಟುಡಿಯೋ ಆಲ್ಬಂ ‘ಡೆತ್ ಮ್ಯಾಗ್ನೆಟಿಕ್’ 2008ರ ಸೆಪ್ಟೆಂಬರ್ 12ರಂದು ಹೊರಬಂದಾಗ ಅಭಿಮಾನಿಗಳ ನಡುವೆ ಎದ್ದ ವಿವಾದಕ್ಕೆ ಒಂದು ವಿಚಿತ್ರ ಲಕ್ಷಣವಿತ್ತು. ಹಾಡುಗಳನ್ನು ಮೆಚ್ಚಿಕೊಂಡವರೇ ಅದರ ಧ್ವನಿಯನ್ನು ಸಹಿಸಲಾಗದು ಎನ್ನುತ್ತಿದ್ದರು. 2003ರ ‘ಸೇಂಟ್ ಆ್ಯಂಗರ್’ ಎಬ್ಬಿಸಿದ್ದ ಅಸಮಾಧಾನದ ಸ್ವರೂಪ ಬೇರೆಯದು. ಅದರಲ್ಲಿ ಗಿಟಾರ್ ಸೋಲೋಗಳಿರಲಿಲ್ಲ, ಸ್ನೇರ್ ಡ್ರಮ್ಮಿನ ಅಡಿಯ ತಂತಿಗಳನ್ನು ಸಡಿಲಿಸಿ ನುಡಿಸಿದ್ದರಿಂದ ಹೊಮ್ಮಿದ ಲೋಹದ ಸದ್ದು ಹಲವರಿಗೆ ರುಚಿಸಿರಲಿಲ್ಲ. ಐದು ವರ್ಷಗಳ ನಂತರ ನಿರ್ಮಾಪಕ ರಿಕ್ ರೂಬಿನ್ ಅವರ ಒತ್ತಾಸೆಯಿಂದ ತಂಡವು 1980ರ ದಶಕದ ತನ್ನ ದೀರ್ಘ, ವೇಗದ ರಚನೆಗಳತ್ತ ಮರಳಿತು, ಸೋಲೋಗಳೂ ಮರಳಿದವು. ಆದರೂ ಆಲ್ಬಮ್ಮನ್ನು ಮತ್ತೆ ಮಿಕ್ಸ್ ಮಾಡಿಕೊಡಿ, ಅಂದರೆ ವಾದ್ಯ ಮತ್ತು ಕಂಠಗಳ ಧ್ವನಿಗಳನ್ನು ಹೊಸದಾಗಿ ಬೆರೆಸಿಕೊಡಿ ಎಂದು ಕೋರುವ ಮನವಿಗೆ ಸಾವಿರಾರು ಜನ ಸಹಿ ಹಾಕಿದರು.

ಹಳೆಯದನ್ನೇ ಬಯಸುವ ಅಭಿಮಾನಿಗಳಿಗೆ ಯಾವ ಬದಲಾವಣೆಯೂ ಹಿಡಿಸುವುದಿಲ್ಲ ಎಂಬ ವಿವರಣೆ ಇಂಥ ಸಂದರ್ಭಗಳಲ್ಲಿ ಸುಲಭವಾಗಿ ಒದಗಿಬರುತ್ತದೆ. ಈ ಪ್ರಕರಣದಲ್ಲಿ ಆ ವಿವರಣೆ ನಿಲ್ಲುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಏಕೆಂದರೆ ಯಾರೂ ಯೋಜಿಸದೆಯೇ ಇಲ್ಲೊಂದು ಪ್ರಯೋಗ ನಡೆದುಹೋಯಿತು. ಇದೇ ಹಾಡುಗಳು ‘ಗಿಟಾರ್ ಹೀರೋ 3’ ಎಂಬ ವಿಡಿಯೋ ಆಟಕ್ಕೂ ಬಿಡುಗಡೆಯಾದವು. ಆಟಕ್ಕೆ ಪ್ರತಿಯೊಂದು ವಾದ್ಯದ ಧ್ವನಿಯೂ ಪ್ರತ್ಯೇಕವಾಗಿ ಬೇಕಾಗಿದ್ದುದರಿಂದ, ಸಿ.ಡಿ.ಗಾಗಿ ನಡೆದ ಕೊನೆಯ ಹಂತದ ಸಂಸ್ಕರಣೆ ಅದಕ್ಕೆ ತಗಲಿರಲಿಲ್ಲ. ವಾದನ ಅದೇ, ಕಂಠ ಅದೇ, ಸ್ವರಗಳೂ ಅವೇ; ಬದಲಾಗಿದ್ದುದು ಧ್ವನಿಯನ್ನು ಹದಗೊಳಿಸಿದ ರೀತಿ ಮಾತ್ರ. ಸಿ.ಡಿ.ಯನ್ನು ದೂರಿದ ಅಭಿಮಾನಿಗಳು ಆಟದ ಆವೃತ್ತಿಯನ್ನು ಮೆಚ್ಚಿದರು. ಕೆಲವರಂತೂ ಅದರಿಂದ ವಾದ್ಯಗಳ ಧ್ವನಿಯನ್ನು ಬೇರ್ಪಡಿಸಿಕೊಂಡು ತಾವೇ ಹೊಸ ಮಿಕ್ಸ್‌ಗಳನ್ನು ಸಿದ್ಧಪಡಿಸಿದರು.

ಇವೆರಡರ ನಡುವಿನ ವ್ಯತ್ಯಾಸವನ್ನು ಅಳೆಯಲು ಸಾಧ್ಯ. ಸಿ.ಡಿ.ಯಲ್ಲಿ ಧ್ವನಿತರಂಗದ ಎತ್ತರವನ್ನು ಸೆಕೆಂಡಿಗೆ 44,100 ಬಾರಿ ಅಳೆದು, ಪ್ರತಿ ಅಳತೆಯನ್ನೂ 65,536 ಮಟ್ಟಗಳಲ್ಲಿ ಒಂದಕ್ಕೆ ಹೊಂದಿಸಿ ದಾಖಲಿಸುತ್ತಾರೆ. ಅತ್ಯುಚ್ಚ ಮಟ್ಟವನ್ನು ದಾಟಲು ಯಾವ ದಾರಿಯೂ ಇಲ್ಲ. ಆದ್ದರಿಂದ ಹಾಡು ಒಟ್ಟಾರೆ ಜೋರಾಗಿ ಕೇಳಬೇಕೆಂದರೆ ಡ್ರಮ್ಮಿನ ಏಟಿನಂಥ ಕ್ಷಣಿಕ ಶಿಖರಗಳನ್ನು ಲಿಮಿಟರ್ ಎಂಬ ಸಾಧನದಿಂದ ತಗ್ಗಿಸಿ, ಉಳಿದುದನ್ನೆಲ್ಲ ಮೇಲಕ್ಕೆ ಎತ್ತಬೇಕು. ಈ ಒತ್ತಡ ಮಿತಿಮೀರಿದಾಗ ತರಂಗದ ತುದಿ ಕತ್ತರಿಸಿಹೋಗುತ್ತದೆ. ತಂತ್ರಜ್ಞರು ಇದನ್ನು ಕ್ಲಿಪ್ಪಿಂಗ್ ಎನ್ನುತ್ತಾರೆ. ಶಿಖರಕ್ಕೂ ಸರಾಸರಿ ಮಟ್ಟಕ್ಕೂ ಇರುವ ಅಂತರವನ್ನು ಡೆಸಿಬೆಲ್‌ಗಳಲ್ಲಿ ಸೂಚಿಸುವ ಮಾಪನದ ಪ್ರಕಾರ ಸಿ.ಡಿ. ಸುಮಾರು 3, ಆಟದ ಆವೃತ್ತಿ ಸುಮಾರು 12. ಈ 9 ಡೆಸಿಬೆಲ್‌ಗಳೆಂದರೆ ಶಕ್ತಿಯ ಲೆಕ್ಕದಲ್ಲಿ ಸುಮಾರು ಎಂಟು ಪಟ್ಟು ವ್ಯತ್ಯಾಸ.

ಹೆವಿ ಮೆಟಲ್ ಸಂಗೀತದ ಜೀವಾಳವೇ ಡಿಸ್ಟಾರ್ಷನ್ (ಗಿಟಾರಿನ ಧ್ವನಿಯನ್ನು ಬೇಕೆಂದೇ ವಿಕೃತಗೊಳಿಸುವುದು) ಆಗಿರುವಾಗ ಇನ್ನಷ್ಟು ವಿಕೃತಿಯಿಂದ ಏನು ನಷ್ಟ ಎಂದು ಕೇಳಬಹುದು. ಈ ಪ್ರಶ್ನೆಯ ಉತ್ತರವೇ ಇಡೀ ವಿಷಯದ ಅತ್ಯಂತ ಸೊಗಸಾದ ಭಾಗ. ಗಿಟಾರ್ ವಾದಕರು ಪವರ್ ಕಾರ್ಡ್ ನುಡಿಸಿದಾಗ ಎರಡು ಸ್ವರಗಳ ಕಂಪನಾಂಕಗಳು ಬಹುಮಟ್ಟಿಗೆ 2:3ರ ಅನುಪಾತದಲ್ಲಿರುತ್ತವೆ, ಅಂದರೆ 200 ಮತ್ತು 300 ಹರ್ಟ್ಸ್ ಎಂದುಕೊಳ್ಳೋಣ. ಆಂಪ್ಲಿಫೈಯರ್ ಆ ತರಂಗದ ತುದಿಗಳನ್ನು ಕತ್ತರಿಸಿದಾಗ ಮೂಲದಲ್ಲಿಲ್ಲದ 100, 400 ಹರ್ಟ್ಸ್‌ನಂಥ ಹೊಸ ಸ್ವರಗಳು ಹುಟ್ಟುತ್ತವೆ. ಇವು ಮೂಲ ಸ್ವರಗಳೊಂದಿಗೆ ಸಹಜವಾಗಿ ಬೆರೆಯುವುದರಿಂದ ನಾದ ದಪ್ಪವಾಗುತ್ತದೆ, ಅದಕ್ಕೊಂದು ತಳಪಾಯ ದೊರೆಯುತ್ತದೆ. ಆದರೆ ಕ್ಲಿಪ್ಪಿಂಗ್ ಇಡೀ ಮಿಕ್ಸ್‌ಗೆ ತಗಲಿದಾಗ ಕಂಠ, ಸಿಂಬಲ್, ಬಾಸ್, ಡ್ರಮ್ ಎಲ್ಲವೂ ಒಂದರೊಡನೊಂದು ತಳುಕು ಹಾಕಿಕೊಳ್ಳುತ್ತವೆ. ಪರಸ್ಪರ ಹೊಂದದ 200 ಮತ್ತು 310 ಹರ್ಟ್ಸ್ ಸೇರಿದರೆ 90, 420 ಹರ್ಟ್ಸ್‌ನಂಥ, ಯಾವ ವಾದ್ಯಕ್ಕೂ ಸೇರದ ಸ್ವರಗಳು ನುಸುಳುತ್ತವೆ. ಕಿವಿಗೆ ಅದು ಬಿರುಸಾದ ಕರಕರ ಸದ್ದಾಗಿ ಕೇಳುತ್ತದೆ.

ಇನ್ನೊಂದು ನಷ್ಟ ಡ್ರಮ್ಮಿನದು. ಡಿಸ್ಟಾರ್ಟ್ ಆದ ಗಿಟಾರಿನ ಮಟ್ಟ ಮೊದಲೇ ಹೆಚ್ಚುಕಡಿಮೆ ಏಕರೂಪವಾಗಿರುವುದರಿಂದ ಮೆಟಲ್‌ನಲ್ಲಿ ಏರಿಳಿತವನ್ನು ಒದಗಿಸುವ ಭಾರ ಬಹುತೇಕ ಡ್ರಮ್ಮಿನ ಏಟುಗಳ ಮೇಲೆಯೇ ಬೀಳುತ್ತದೆ. ನಮ್ಮ ಶ್ರವಣ ನರದ ತಂತುಗಳು ಧ್ವನಿ ಆರಂಭವಾದ ಕ್ಷಣದಲ್ಲಿ ತೀವ್ರವಾಗಿ ಸ್ಪಂದಿಸಿ, ಅದು ಹಾಗೆಯೇ ಮುಂದುವರಿದರೆ ಸ್ಪಂದನವನ್ನು ತಗ್ಗಿಸುತ್ತವೆ. ಏಟಿನ ಮೊದಲ ಕೆಲವು ಮಿಲಿಸೆಕೆಂಡುಗಳ ಶಿಖರವನ್ನೇ ಕತ್ತರಿಸಿದರೆ ಲಯದ ಬಿಗಿ ಸಡಿಲಗೊಳ್ಳುತ್ತದೆ. ಎಷ್ಟೇ ಜೋರಾಗಿದ್ದರೂ ಹೊಡೆತ ತಾಗುವುದಿಲ್ಲ.

ಹಾಗಿದ್ದರೂ ಇತರರದಕ್ಕಿಂತ ಜೋರಾದ ಧ್ವನಿಮುದ್ರಣ ಹೊರತರುವ ಪೈಪೋಟಿ ಏಕೆ ನಡೆಯಿತು? 1933ರಲ್ಲಿ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ತೋರಿಸಿದಂತೆ, ಮೆಲುಧ್ವನಿಯಲ್ಲಿ ಕೆಳಸ್ವರಗಳಿಗೆ ನಮ್ಮ ಕಿವಿ ಮಂದವಾಗಿರುತ್ತದೆ, ಮಟ್ಟ ಏರಿದಂತೆ ಅವು ತುಂಬಿಕೊಂಡು ಕೇಳುತ್ತವೆ. ಒಂದೇ ಹಾಡಿನ ಎರಡು ಪ್ರತಿಗಳಲ್ಲಿ ತುಸು ಜೋರಾದದ್ದು ಮೊದಲ ಕೇಳ್ಮೆಗೆ ಹೆಚ್ಚು ಇಷ್ಟವಾಗುವುದು ಇದರಿಂದಲೇ. ಈ ಒಲವು ಸಿ.ಡಿ.ಯ ಪರವಾಗಿಯೇ ಕೆಲಸ ಮಾಡಬೇಕಿತ್ತು. ಆದರೂ ಅಷ್ಟೊಂದು ಜನ ಮೆಲುವಾದ ಪ್ರತಿಯನ್ನೇ ಆರಿಸಿಕೊಂಡರೆಂಬುದು ಅವರ ದೂರಿಗೆ ಹೆಚ್ಚಿನ ತೂಕ ಕೊಡುತ್ತದೆ. ಮಿಕ್ಸ್ ಆದ ಧ್ವನಿಯನ್ನು ಬಿಡುಗಡೆಗಾಗಿ ಅಂತಿಮವಾಗಿ ಹದಗೊಳಿಸುವ ಮಾಸ್ಟರಿಂಗ್ ಕೆಲಸ ಮಾಡಿದ ಟೆಡ್ ಜೆನ್ಸನ್ ಅವರೇ ಅಭಿಮಾನಿಯೊಬ್ಬರಿಗೆ ಬರೆದ ಉತ್ತರದಲ್ಲಿ, ತಮ್ಮ ಕೈಸೇರುವ ಮೊದಲೇ ಧ್ವನಿಯನ್ನು ಆ ಮಟ್ಟಕ್ಕೆ ಒತ್ತಲಾಗಿತ್ತು ಎಂದು ತಿಳಿಸಿದ್ದರು. ಡ್ರಮ್ ವಾದಕ ಲಾರ್ಸ್ ಉಲ್ರಿಚ್ ಮಾತ್ರ ಆಲ್ಬಮ್ಮಿನ ಧ್ವನಿಯನ್ನು ಬಹಿರಂಗವಾಗಿ ಸಮರ್ಥಿಸಿಕೊಂಡರು. ಸದ್ದುಗದ್ದಲದ ನಡುವೆ ಕೇಳುವವರಿಗೆ ಏರಿಳಿತ ಕಡಿಮೆಯಿರುವ ಧ್ವನಿ ಅನುಕೂಲಕರ ಎಂಬುದೂ ನಿಜವೇ.

ಧ್ವನಿಯ ಜೋರನ್ನು ಶಿಖರದಿಂದಲ್ಲದೆ, ಮನುಷ್ಯರ ಕೇಳ್ಮೆಗೆ ಹತ್ತಿರವಾದ ಸರಾಸರಿಯಿಂದ ಅಳೆಯುವ ವಿಧಾನವನ್ನು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು 2006ರಲ್ಲಿಯೇ ಪ್ರಕಟಿಸಿತ್ತು. ಇಂದು ಸ್ಪಾಟಿಫೈನಂಥ ಸೇವೆಗಳು ಇಂಥ ಅಳತೆಯಿಂದ ಹಾಡುಗಳನ್ನು ಸಮಮಟ್ಟಕ್ಕೆ ತರುತ್ತವೆ. ಅತಿ ಜೋರಾದ ಮಾಸ್ಟರನ್ನು ಅಲ್ಲಿ ತಾನಾಗಿ ತಗ್ಗಿಸಲಾಗುತ್ತದೆ, ಕತ್ತರಿಸಿಹೋದ ತುದಿಗಳು ಮಾತ್ರ ಮರಳುವುದಿಲ್ಲ. ಹಾಗೆ ಸಮಮಟ್ಟದಲ್ಲಿ ಕೇಳಿದರೆ, ಶಿಖರಗಳನ್ನು ಉಳಿಸಿಕೊಂಡ ಧ್ವನಿಮುದ್ರಣದ ಡ್ರಮ್ಮುಗಳೇ ಹೆಚ್ಚು ಬಲವಾಗಿ ಕೇಳುತ್ತವೆ.